ಸಣ್ಣ ಪ್ರಶ್ನೆ ಕೇಳಿ

ಕೇಳುಗರಿಗೆ ನಮಸ್ಕಾರ.

ನಮ್ಮ ಹಾಸನದ ಕಡೆ ಎಷ್ಟೋ ಊರುಗಳಲ್ಲಿ ಒಬ್ಬರು ಮಿಲಿಟ್ರಿ ತಾತ ಇರುತ್ತಾರೆ. ಅವರ ನಿಜವಾದ ಹೆಸರು ಎಷ್ಟೋ ಮಕ್ಕಳಿಗೆ ಗೊತ್ತೇ ಇರುವುದಿಲ್ಲ. ನಿಮ್ಮ ಮನೆಯಲ್ಲಿ ಅಂಥವರು ಇದ್ದರೆ ನನ್ನ ಮಾತು ನಿಮಗೇ. ಅವರನ್ನು ಕೇಳಿ. ಇವತ್ತೇ ಕೇಳಿ. ಸಣ್ಣ ಪ್ರಶ್ನೆ ಕೇಳಿ.

ನಾನು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡಿದವಳು. ನನ್ನ ದೊಡ್ಡಪ್ಪ ಸೇನೆಯ ಎಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದರು. ಬೆಂಗಳೂರಿನ ಹಲಸೂರು ಕೆರೆ ಪಕ್ಕ ಅವರ ಕೇಂದ್ರ ಇದೆ. ಸೇತುವೆ ಕಟ್ಟುವುದು, ದಾರಿ ಮಾಡುವುದು, ಶತ್ರು ನೆಲದಲ್ಲಿ ಹೂತಿಟ್ಟ ಮೈನ್, ಅಂದರೆ ನೆಲಬಾಂಬ್ ತೆಗೆಯುವುದು ಇವರ ಕೆಲಸ. ದೊಡ್ಡಪ್ಪ ಹವಾಲ್ದಾರ್ ಆಗಿ ನಿವೃತ್ತರಾಗಿ ಊರಿಗೆ ಬಂದು ಆಲೂಗಡ್ಡೆ ಬೆಳೆದರು. ಮಕ್ಕಳನ್ನು ಓದಿಸಿದರು, ಮೊಮ್ಮಕ್ಕಳಿಗೆ ಜಡೆ ಹಾಕಿದರು. ಹೌದು, ಜಡೆ. ದೊಡ್ಡಮ್ಮನಿಗೆ ಕೈ ಬೆರಳು ನೋವು ಶುರುವಾದ ಮೇಲೆ ಅದು ಅವರದೇ ಕೆಲಸ. ಎಣ್ಣೆ ಹಚ್ಚಿ, ಬೈತಲೆ ನೆಟ್ಟಗೆ ತೆಗೆದು, ಬಿಗಿಯಾಗಿ ಹೆಣೆದು ರಿಬ್ಬನ್ ಕಟ್ಟಿದರೆ ಸಂಜೆ ಶಾಲೆ ಬಿಟ್ಟರೂ ಒಂದು ಕೂದಲು ಆಚೆ ಬರುತ್ತಿರಲಿಲ್ಲ.

1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿದ್ದವರು, ಆದರೆ ಯುದ್ಧದ ಮಾತು ಮಾತ್ರ ಎತ್ತುತ್ತಿರಲಿಲ್ಲ. ‘ದೊಡ್ಡಪ್ಪ, 71ರ ಯುದ್ಧ ಹೇಗಿತ್ತು?’ ಅಂದರೆ ‘ಅದೇನು ಬಿಡಮ್ಮ, ಡ್ಯೂಟಿ’ ಅಂತ ಎದ್ದು ಹೋಗುತ್ತಿದ್ದರು.

ಅವರ ಬಾಯಿ ಬಿಡಿಸಿದ್ದು ಒಬ್ಬ ಲಾರಿ ಡ್ರೈವರ್. ಹಾಸನಕ್ಕೆ ಬಿತ್ತನೆ ಆಲೂಗಡ್ಡೆ ಪಂಜಾಬಿನ ಜಲಂಧರ್‌ನಿಂದ ಬರುತ್ತದೆ, ರೈತರಿಗೆ ಗೊತ್ತಿರುವುದೇ. ಒಂದು ಸಲ ಬಿತ್ತನೆ ಗಡ್ಡೆ ತರಲು ಅವರ ಜೊತೆ ನಾನೂ ಎಪಿಎಂಸಿಗೆ ಹೋಗಿದ್ದೆ. ಲಾರಿ ನೆರಳಲ್ಲಿ ಒಬ್ಬ ಸರ್ದಾರ್ಜಿ ಸ್ಟೌ ಹಚ್ಚಿ ಟೀ ಕಾಯಿಸುತ್ತಿದ್ದರು. ದೊಡ್ಡಪ್ಪ ಪಂಜಾಬಿಯಲ್ಲಿ ಏನೋ ಅಂದರು. ಆತ ಎದ್ದು ಬಂದು ಎರಡೂ ಕೈ ಹಿಡಿದುಕೊಂಡರು. ಆತ ಯುದ್ಧದ ವಿಷಯ ಕೇಳಲೇ ಇಲ್ಲ. ‘ನಮ್ಮ ಕಡೆ ಇದ್ದಾಗ ಯಾರ ಮನೇಲಿ ರೊಟ್ಟಿ ತಿಂದ್ರಿ?’ ಅಂತ ಕೇಳಿದರು. ಅಷ್ಟೇ.

ದೊಡ್ಡಪ್ಪ ಗಡ್ಡೆ ಚೀಲದ ಮೇಲೆ ಕೂತುಬಿಟ್ಟರು. ಗುರ್‌ದಾಸ್‌ಪುರದ ಹತ್ತಿರ ಒಂದು ಹಳ್ಳಿಯಂತೆ. ಒಬ್ಬ ಅಜ್ಜಿ ರಸ್ತೆಗೇ ಬಂದು ಮೆಕ್ಕೆಜೋಳದ ರೊಟ್ಟಿ, ಸಾಸಿವೆ ಸೊಪ್ಪು, ಬೆಲ್ಲ ಕೊಟ್ಟರಂತೆ. ರೊಟ್ಟಿಯಿಂದ ಮಾತು ಚಳಿಗೆ ಬಂತು. ಚಳಿಗೆ ಬೆರಳು ಮರಗಟ್ಟಿದರೆ ಮೈನ್ ತೆಗೆಯುವವನ ಗತಿ ಮುಗಿಯಿತು. ಬೋರಲು ಮಲಗಿ ಚೂಪಾದ ಸಲಾಕೆಯನ್ನು ಮಣ್ಣಿಗೆ ಓರೆಯಾಗಿ ಚುಚ್ಚಬೇಕು. ಮೇಲಿನಿಂದ ನೇರ ಒತ್ತಿದರೆ ಸಿಡಿಯುತ್ತದೆ. ಗಟ್ಟಿಯಾದದ್ದೇನಾದರೂ ತಾಗಿದರೆ ಅಲ್ಲೇ ನಿಲ್ಲಿಸಿ ಬೆರಳಲ್ಲಿ ಮಣ್ಣು ಬಿಡಿಸಬೇಕು. ಹಾಗೆ ಮಾಡಿದ ದಾರಿಗೆ ಬಿಳಿ ಪಟ್ಟಿ ಎಳೆದ ಮೇಲೆ ಟ್ಯಾಂಕ್ ಬರಬಹುದು. ನನ್ನ ಪೆನ್ನು ತೆಗೆದುಕೊಂಡು ಅಲ್ಲೇ ನೆಲಕ್ಕೆ ಚುಚ್ಚಿ ತೋರಿಸಿದರು. ಆ ವಯಸ್ಸಿನಲ್ಲೂ ಕೈ ಅಲುಗಲಿಲ್ಲ.

ಪಶ್ಚಿಮದ ಗಡಿಯ ಬಸಂತರ್ ಹೊಳೆಯ ಹೆಸರು ಅವರ ಬಾಯಲ್ಲಿ ಕೇಳಿದ್ದು ಅವತ್ತೇ. ನಾನು ಅದನ್ನು ಪಾಠ ಮಾಡಿದವಳು! 1971ರ ಡಿಸೆಂಬರ್ 15ರ ರಾತ್ರಿ ಮೈನ್ ತೆಗೆಯುವ ಕೆಲಸ ಇನ್ನೂ ಪೂರ್ತಿ ಆಗಿರಲಿಲ್ಲ. ಅಷ್ಟರಲ್ಲೇ ನಮ್ಮ ಸೇನೆಯ ಪೂನಾ ಹಾರ್ಸ್ ದಳದ ಟ್ಯಾಂಕುಗಳು ಆ ನೆಲ ದಾಟಿದವು. ಮರುದಿನ ಸೆಕೆಂಡ್ ಲೆಫ್ಟಿನೆಂಟ್ ಅರುಣ್ ಖೇತ್ರಪಾಲ್ ಪ್ರಾಣ ಕೊಟ್ಟದ್ದು ಅಲ್ಲೇ. 21 ವರ್ಷದ ಹುಡುಗ, ಪರಮವೀರ ಚಕ್ರ ಬಂತು. ಇಷ್ಟು ನನಗೆ ಗೊತ್ತಿತ್ತು. ದೊಡ್ಡಪ್ಪ ಹೇಳಿದ್ದು ಬೇರೆ. ‘ಟ್ಯಾಂಕ್ ಹೋದ ಮೇಲೆ ಕಿವಿ ಕೊಟ್ಟು ಕೂತಿದ್ವಮ್ಮ. ಢಮ್ ಅಂದ್ರೆ ನಾವು ತೆಗೀದೆ ಬಿಟ್ಟ ಮೈನೇ ಅದು, ಅಲ್ವಾ?’

ನೋಡಿ, ಇದು ಬಂದದ್ದು ರೊಟ್ಟಿಯ ಪ್ರಶ್ನೆಯಿಂದ. ಆಗಸ್ಟ್ 15ಕ್ಕೆ ಅವರನ್ನು ವೇದಿಕೆಗೆ ಕರೆದು ಶಾಲು ಹೊದಿಸುತ್ತೇವೆ. ಎರಡು ನಿಮಿಷ ಮಾತಾಡಿ ಅನ್ನುತ್ತೇವೆ. ಅವರು ಜೈ ಹಿಂದ್ ಅಂದು ಕೂರುತ್ತಾರೆ. ಬರೀ ಶಾಲು ಸಾಲದು, ದಯವಿಟ್ಟು ಮನೆಗೆ ಹೋಗಿ ಪಕ್ಕದಲ್ಲಿ ಕೂತು ಕೇಳಿ. ಟ್ರಂಕಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರ್ ಯಾವುದು? ‘56 ಎಪಿಒ’ ಅಂತ ಸೇನೆಯ ಅಂಚೆ ವಿಳಾಸ ಬರೆದ ಕಾಗದ ಅವರ ಕೈಗೆ ಎಲ್ಲಿ ಸಿಗುತ್ತಿತ್ತು? ಮೊದಲ ರಜಕ್ಕೆ ಬಂದಾಗ ಅವ್ವ ಏನು ಮಾಡಿ ಬಡಿಸಿದರು? ಫೋನಿನಲ್ಲಿ ರೆಕಾರ್ಡಿಂಗ್ ಒತ್ತಿ ಸುಮ್ನೆ ಪಕ್ಕಕ್ಕಿಡಿ. ಇಸವಿ ತಪ್ಪು ಹೇಳಿದರೆ ಮಧ್ಯೆ ತಿದ್ದಬೇಡಿ, ಇಸವಿ ಪುಸ್ತಕದಲ್ಲಿ ಸಿಗುತ್ತದೆ.

ಸಮಯ ಆಗುತ್ತಾ ಬಂತು. ಪದಕ ಇದ್ದರೆ ಅದರ ಅಂಚು ನೋಡಿ, ಸಾಮಾನ್ಯವಾಗಿ ನಂಬರ್, ಹೆಸರು ಕೊರೆದಿರುತ್ತದೆ. 71ರಲ್ಲಿ ಪಶ್ಚಿಮದ ಗಡಿಯಲ್ಲಿದ್ದವರಿಗೆ ಪಶ್ಚಿಮಿ ಸ್ಟಾರ್, ಪೂರ್ವದಲ್ಲಿದ್ದವರಿಗೆ ಪೂರ್ವಿ ಸ್ಟಾರ್. ಸೇನೆ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕದ ಒಂದೊಂದು ಪುಟಕ್ಕೂ ಫೋಟೊ ತೆಗೆದಿಡಿ.

ದೊಡ್ಡಪ್ಪ ಹೋದ ಆಷಾಢದಲ್ಲಿ ತೀರಿಕೊಂಡರು. ಅವರ ಮಾತು ನಮ್ಮ ಹತ್ತಿರ ಇದೆ. ಈಗ ದೊಡ್ಡಮ್ಮನನ್ನು ಕೇಳುತ್ತಿದ್ದೇನೆ. ಅವರ ಹತ್ತಿರ ಇರುವುದೇ ಜಾಸ್ತಿ! ಆ ಡಿಸೆಂಬರ್‌ನಲ್ಲಿ ಕಾಗದ ಬಾರದೆ, ರೇಡಿಯೊ ಸುದ್ದಿ ಕೇಳಿಕೊಂಡೇ ರಾಗಿ ಒಕ್ಕಣೆ ಮುಗಿಸಿದವರು ಅವರು. ನಿಮ್ಮ ಮನೆಯ ದೊಡ್ಡಮ್ಮ, ಅಜ್ಜಿಯರನ್ನೂ ಕೇಳಿ. ಹಾಗೇ ತಾತನ ಪಿಂಚಣಿ ಕಾಗದದಲ್ಲಿ ಅಜ್ಜಿಯ ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯಾ ನೋಡಿ. ಇಲ್ಲದಿದ್ದರೆ ತಾತ ಇರುವಾಗಲೇ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಕರೆದುಕೊಂಡು ಹೋಗಿ ವಿಚಾರಿಸಿ, ಸರಿ ಮಾಡಿಸಿ. ಈ ವಾರವೇ ಹೋಗಿ.

ನಮಸ್ಕಾರ.