ಹಾಡುವುದು ಗಾಳಿ, ಕಂಬಿಯಲ್ಲ

ಕೇಳುಗರಿಗೆ ನಮಸ್ಕಾರ.

ಆಷಾಢದ ಗಾಳಿಗೆ ಕರೆಂಟು ತಂತಿ ಗುಂಯ್‌ಗುಡುವುದನ್ನು ಕೇಳಿದ್ದೀರಿ. ತಂತಿ ಅದುರುತ್ತದೆ, ಅದಕ್ಕೇ ಸದ್ದು ಅನ್ನುತ್ತೀರಿ. ಅಲ್ಲ. ಅಲುಗದ ಹಾಗೆ ಬಿಗಿದರೂ ಸದ್ದು ಬರುತ್ತದೆ. ಹಾಡುವುದು ಗಾಳಿ. ದುಂಡನೆಯ ವಸ್ತುವಿನ ಬೆನ್ನ ಹಿಂದೆ ಗಾಳಿ ಒಮ್ಮೆ ಈ ಮಗ್ಗುಲು, ಒಮ್ಮೆ ಆ ಮಗ್ಗುಲು ಸುಳಿ ಬಿಡುತ್ತದೆ. ಒತ್ತಡವೂ ಹಾಗೇ ಓಲಾಡುತ್ತದೆ. ಆ ಓಲಾಟವೇ ಸದ್ದು.

ಔಟರ್ ರಿಂಗ್ ರೋಡಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಮೇಲಿನ ಮಹಡಿಯವರಿಗೆ ರಾತ್ರಿ ನಿದ್ದೆಯಿಲ್ಲ. ನೀರಿನ ಮೋಟರ್ ಅಂದರು, ಬಿಚ್ಚಿಸಿದರು. ಲಿಫ್ಟ್ ಅಂದರು. ಒಬ್ಬ ಅಜ್ಜಿ, 'ಮೇಲ್ಮನೆಯವರು ಸರಿರಾತ್ರೀಲಿ ಗ್ರೈಂಡರ್ ಹಾಕ್ತಾರೆ' ಅಂತ ಜಗಳವನ್ನೇ ತೆಗೆದರು. ನಾನು ಹೋಗಿ ಬಾಲ್ಕನಿಯ ಕಂಬಿ ಅಳೆದೆ: 12 ಮಿಲಿಮೀಟರ್. ಗಾಳಿ ಸೆಕೆಂಡಿಗೆ 6 ಮೀಟರ್. ಸ್ಟ್ರೌಹಾಲ್ ಎಂಬ ವಿಜ್ಞಾನಿ 1878ರಲ್ಲೇ ದಾರಿ ತೋರಿಸಿದ್ದಾರೆ. ವೇಗವನ್ನು ದಪ್ಪದಿಂದ, ಅಂದರೆ 0.012 ಮೀಟರಿನಿಂದ ಭಾಗಿಸಿ, ಸುಮಾರು 0.2ರಿಂದ ಗುಣಿಸಿ. ಸೆಕೆಂಡಿಗೆ 100 ಕಂಪನ. ಮೊಬೈಲಿನಲ್ಲಿ ಅಳೆದರೂ ಹೆಚ್ಚುಕಡಿಮೆ ಅಷ್ಟೇ. ಕಮಿಟಿಯವರು ಕಂಬಿಗಳಿಗೆ ಇನ್ನೊಂದು ವೆಲ್ಡಿಂಗ್ ಹೊಡೆಸೋಣ ಅಂದರು. ಹಾಡುವುದು ಗಾಳಿ ಸ್ವಾಮಿ, ಕಂಬಿಯಲ್ಲ! ಬಟ್ಟೆ ಒಣಹಾಕುವ ಹಗ್ಗವನ್ನು ಬಳ್ಳಿಯ ಹಾಗೆ ಸುತ್ತಿಸಿದೆ. ಸುಳಿಗಳು ಒಟ್ಟಿಗೆ ಬಿಡದೆ ಚದುರಿದವು, ಗುಂಯ್ ನಿಂತಿತು. ಕಾರಿನ ಆಂಟೆನಾಕ್ಕೆ ಸುರುಳಿ ಸುತ್ತಿರುವುದೂ ಇದಕ್ಕೇ.

ಈ ಸದ್ದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ವಿಷಯಕ್ಕೆ ಬರುತ್ತೇನೆ, ಸಮಯ ಓಡುತ್ತಿದೆ. ಗಾಳಿಯನ್ನು ಸಣ್ಣ ಸಣ್ಣ ಕೋಣೆಗಳಾಗಿ ಹಂಚಿ, ಕಂಬಿಯ ಹತ್ತಿರ ಒತ್ತಾಗಿ, ದೂರಕ್ಕೆ ವಿರಳವಾಗಿ, ಪ್ರತಿ ಕೋಣೆಯ ವೇಗ, ಒತ್ತಡ ಲೆಕ್ಕ ಹಾಕುತ್ತೇವೆ. ತೊಡಕೇನೆಂದರೆ, ನಮ್ಮ ಮಾತಿನ ಸದ್ದಿನ ಒತ್ತಡ ವಾಯುಭಾರದ ಹತ್ತು ಲಕ್ಷದಲ್ಲಿ ಒಂದು ಪಾಲೂ ಇಲ್ಲ. ಲೆಕ್ಕದ ಸಣ್ಣ ತಪ್ಪೇ ಅದನ್ನು ನುಂಗಿಬಿಡುತ್ತದೆ. ಹಾಗಾಗಿ ಮೊದಲು ಸುಳಿ, ಆಮೇಲೆ ಸುಳಿಯಿಂದ ಸದ್ದು. ಈ ಎರಡು ಹಂತದ ದಾರಿ 1952ರಲ್ಲಿ ಲೈಟ್‌ಹಿಲ್ ಎಂಬ ಗಣಿತಜ್ಞರು ಹಾಕಿಕೊಟ್ಟದ್ದು. 1955ರಲ್ಲಿ ಕರ್ಲ್ ಎಂಬ ವಿಜ್ಞಾನಿ ಅದನ್ನು ಗಟ್ಟಿ ವಸ್ತುಗಳಿಗೂ ಒದಗಿಸಿದರು.

ವಿದ್ಯಾರ್ಥಿಗಳು ಬಂದವರೇ ಇಡೀ ವಿಮಾನದ ಸದ್ದನ್ನು ಲೆಕ್ಕ ಹಾಕುತ್ತೇನೆ ಅನ್ನುತ್ತಾರೆ. ಮೊದಲು ಒಂದು ದುಂಡು ಕಂಬಿಯ ಲೆಕ್ಕ ಮಾಡಪ್ಪ ಅನ್ನುತ್ತೇನೆ, ಮುಖ ಸಪ್ಪೆಯಾಗುತ್ತದೆ. ಕಂಬಿಯ ಉತ್ತರ ನಮಗೆ ಗೊತ್ತು. ಅದೇ ಸರಿ ಬರದ ಪ್ರೋಗ್ರಾಮು ವಿಮಾನದ ಬಗ್ಗೆ ಹೇಳಿದರೆ ಯಾರು ನಂಬಬೇಕು? ದೇವನಹಳ್ಳಿಗೆ ಇಳಿಯಲು ಬರುವ ವಿಮಾನದ ಎಂಜಿನ್ ತಗ್ಗಿರುತ್ತದೆ. ಆಗ ನಿಮಗೆ ಕೇಳುವ ಭೋರ್ಗರೆತದಲ್ಲಿ ಚಕ್ರದ ಕಾಲುಗಳ ಪಾಲು ದೊಡ್ಡದು. ಅವೂ ಕೊಳವೆ, ಕಂಬಿಗಳೇ. ಅಲ್ಲೂ ಹಾಡುವುದು ಗಾಳಿಯೇ, ವೇಗ ಎರಡು ಪಟ್ಟಾದರೆ ಸದ್ದಿನ ಶಕ್ತಿ ಸುಮಾರು 64 ಪಟ್ಟು. ಯಾಕೆ 64 ಅಂತ ಹೇಳಲು ಇವತ್ತು ಸಮಯ ಬಿಡುವುದಿಲ್ಲ ಅಂತ ಕಾಣುತ್ತದೆ. ನಮಸ್ಕಾರ.