ಇಂಧನದ ಬೆಲೆ, ಪೈಲಟ್‌ನ ಪಗಾರ

ಕೇಳುಗರೆಲ್ಲರಿಗೂ ನಮಸ್ಕಾರ.

ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ ಇದೆ. ವಿಮಾನ ನಿಲ್ದಾಣಕ್ಕೆ ಹೋಗುವುದೂ ಅದೇ ರಸ್ತೆಯಿಂದ. ಡೀಸೆಲ್ ತುಟ್ಟಿಯಾದಾಗ ಬಸ್ಸಿನ ಲೆಕ್ಕ ಬರೆಯುವವರು ಯಾವ ಚಿಂತೆಗೆ ಬೀಳುತ್ತಾರೋ, ವಿಮಾನದ ಇಂಧನ ತುಟ್ಟಿಯಾದಾಗ ವಿಮಾನ ಕಂಪನಿಯ ಲೆಕ್ಕಿಗರೂ ಅದೇ ಚಿಂತೆಗೆ ಬೀಳುತ್ತಾರೆ: ಟಿಕೆಟಿನ ದರ ಏರಿಸಬೇಕೋ, ನೌಕರರ ಪಗಾರ ಹಿಡಿಯಬೇಕೋ? ನಮ್ಮ ರಾಜ್ಯದ ಸಾರಿಗೆ ಸಂಸ್ಥೆಗಳು 2025ರ ಜನವರಿಯಲ್ಲಿ ಬಸ್ ದರವನ್ನು ಶೇಕಡಾ 15ರಷ್ಟು ಏರಿಸಿದವು. ಆದರೂ ಅದೇ ವರ್ಷದ ಆಗಸ್ಟ್‌ನಲ್ಲಿ ಚಾಲಕರೂ ನಿರ್ವಾಹಕರೂ 38 ತಿಂಗಳ ವೇತನ ಹೆಚ್ಚಳದ ಬಾಕಿ ಕೇಳಿ ಮುಷ್ಕರಕ್ಕೆ ಇಳಿದರು. ಬಸ್ಸಿನ ಈ ಸಂಗತಿ ನಮಗೆಲ್ಲ ಗೊತ್ತಿರುವುದೇ. ವಿಮಾನದ ಚಾಲಕನ ಪಗಾರದ ವಿಷಯ ಬಂದಾಗ ಮಾತ್ರ, ಲಕ್ಷಗಟ್ಟಲೆ ಎಣಿಸುವವನಿಗೆ ಏನು ಕಡಿಮೆ ಎಂದು ನಾವು ಅಲ್ಲಿಗೇ ಮಾತು ಮುಗಿಸುತ್ತೇವೆ. ವಾಣಿಜ್ಯಶಾಸ್ತ್ರ ಕಲಿಸಿ ನಿವೃತ್ತನಾದ ನನಗೆ, ಮಾತು ಮುಗಿಸುವ ಮೊದಲು ಒಂದು ಲೆಕ್ಕ ಹಾಕಿ ನೋಡಬೇಕೆನಿಸಿತು.

ಹುಬ್ಬಳ್ಳಿಯಿಂದ ಬೆಂಗಳೂರಿಗೆ 78 ಸೀಟುಗಳ ಎಟಿಆರ್ ವಿಮಾನವೊಂದು ಹೋಗುತ್ತದೆ ಎಂದಿಟ್ಟುಕೊಳ್ಳೋಣ. ರೆಕ್ಕೆಗಳಿಗೆ ಪಂಖಗಳಿರುವ ಈ ಸಣ್ಣ ವಿಮಾನ ಸುಮಾರು ಒಂದು ಗಂಟೆಯ ಹಾರಾಟಕ್ಕೆ ಸರಿಸುಮಾರು 900 ಲೀಟರ್ ಇಂಧನ ಸುಡುತ್ತದೆ. ಇಂಧನ ಕಿಲೋಲೀಟರಿಗೆ, ಅಂದರೆ ಸಾವಿರ ಲೀಟರಿಗೆ, 90,000 ರೂಪಾಯಿ ಇದ್ದಾಗ ಆ ಒಂದು ಹಾರಾಟದ ಇಂಧನಕ್ಕೆ 81,000 ರೂಪಾಯಿ ಬೀಳುತ್ತದೆ. ಸೀಟುಗಳೆಲ್ಲ ತುಂಬಿದ್ದರೆ ತಲೆಗೆ 1,040 ರೂಪಾಯಿಯ ಹತ್ತಿರ. ಉಕ್ರೇನಿನ ಯುದ್ಧ ಆರಂಭವಾದ ಮೇಲೆ, 2022ರ ಜೂನ್‌ನಲ್ಲಿ, ದೆಹಲಿಯಲ್ಲಿ ಇದೇ ಇಂಧನದ ದರ ಕಿಲೋಲೀಟರಿಗೆ 1,41,000 ರೂಪಾಯಿಯನ್ನು ದಾಟಿತ್ತು. ಆ ದರದಲ್ಲಿ ತಲೆಗೆ 1,630 ರೂಪಾಯಿ ಆಗುತ್ತದೆ. ಸೀಟು ಖಾಲಿ ಉಳಿದಷ್ಟೂ ಈ ಮೊತ್ತ ಬೆಳೆಯುತ್ತದೆ, ಏಕೆಂದರೆ ಅರ್ಧ ಖಾಲಿಯಾದ ವಿಮಾನ ಅರ್ಧ ಇಂಧನ ಕುಡಿಯುವುದಿಲ್ಲ. ಎಂದರೆ ಕಂಪನಿಯ ಯಾವ ತಪ್ಪೂ ಇಲ್ಲದೆ ಪ್ರತಿ ಸೀಟಿನ ಮೇಲೆ ಹೆಚ್ಚುಕಡಿಮೆ 590 ರೂಪಾಯಿಯ ಹೊರೆ ಬಂದು ಬಿದ್ದಿತು.

ಈ 590 ರೂಪಾಯಿ ದೊಡ್ಡದೋ ಸಣ್ಣದೋ ತಿಳಿಯಬೇಕಾದರೆ ಲಾಭದ ಪಕ್ಕದಲ್ಲಿ ಇಟ್ಟು ನೋಡಬೇಕು. ದೇಶದ ಅತಿ ದೊಡ್ಡ ವಿಮಾನ ಕಂಪನಿಯಾದ ಇಂಡಿಗೊ 2023-24ರಲ್ಲಿ 8,172 ಕೋಟಿ ರೂಪಾಯಿ ನಿವ್ವಳ ಲಾಭ ತೋರಿಸಿತು. ಆ ಕಂಪನಿ ವರ್ಷಕ್ಕೆ ಒಯ್ಯುವ ಹತ್ತು ಕೋಟಿ ಪ್ರಯಾಣಿಕರಿಗೆ ಅದನ್ನು ಹಂಚಿದರೆ ತಲೆಗೆ ಸುಮಾರು 800 ರೂಪಾಯಿ. ಅದು ಸುಗ್ಗಿಯ ವರ್ಷ. ಅದರ ಹಿಂದಿನ ವರ್ಷ ಅದೇ ಕಂಪನಿ ನಷ್ಟದಲ್ಲಿತ್ತು.

ಜಗತ್ತಿನ ಬೇರೆಡೆ ವಿಮಾನ ಕಂಪನಿಯ ಖರ್ಚಿನಲ್ಲಿ ಇಂಧನದ ಪಾಲು ಸಾಮಾನ್ಯವಾಗಿ ಕಾಲುಭಾಗ ಅಥವಾ ಅದಕ್ಕಿಂತ ತುಸು ಹೆಚ್ಚು. ನಮ್ಮಲ್ಲಿ ಅದು ಶೇಕಡಾ 40ರವರೆಗೂ ಹೋಗುತ್ತದೆ. ಇದಕ್ಕೆ ಮುಖ್ಯ ಕಾರಣ ತೆರಿಗೆ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಪೆಟ್ರೋಲ್, ಡೀಸೆಲ್‌ಗಳ ಜೊತೆಗೆ ವಿಮಾನದ ಇಂಧನವನ್ನೂ ಹೊರಗಿಟ್ಟರು. ಹಾಗಾಗಿ ಅದರ ಮೇಲೆ ಕೇಂದ್ರದ ಅಬಕಾರಿ ಸುಂಕ ಶೇಕಡಾ 11 ಇದ್ದರೆ, ರಾಜ್ಯಗಳ ಮಾರಾಟ ತೆರಿಗೆ ಒಂದು ಕಡೆ ಶೇಕಡಾ ಒಂದು, ಇನ್ನೊಂದು ಕಡೆ ಮೂವತ್ತರ ಹತ್ತಿರ. ಈ ತೆರಿಗೆಯನ್ನು ಟಿಕೆಟಿನ ಜಿಎಸ್‌ಟಿಯಲ್ಲಿ ವಜಾ ಹಾಕಿಕೊಳ್ಳಲೂ ಬರುವುದಿಲ್ಲ. ಇದರಿಂದ ಹುಟ್ಟಿದ ಒಂದು ವಿಚಿತ್ರವನ್ನು ಹೇಳಲೇಬೇಕು: ತೆರಿಗೆ ಕಡಿಮೆಯಿರುವ ಊರಿನಲ್ಲಿ ವಿಮಾನಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಇಂಧನ ತುಂಬಿಸಿ, ತೆರಿಗೆ ಹೆಚ್ಚಿರುವ ಊರಿಗೆ ಹೊತ್ತುಕೊಂಡು ಹೋಗುವ ಪದ್ಧತಿ ಇದೆ. ಹೆಚ್ಚಿನ ಭಾರ ಹೊರುವುದಕ್ಕೇ ಒಂದಿಷ್ಟು ಇಂಧನ ಉರಿದುಹೋಗುತ್ತದೆ, ಆದರೂ ಲೆಕ್ಕದಲ್ಲಿ ಅದೇ ಅಗ್ಗ. ನೀರಿನ ಟ್ಯಾಂಕರು ದಾರಿಯುದ್ದಕ್ಕೂ ಸೋರಿದರೂ ಪರವಾಗಿಲ್ಲ ಎನ್ನುವ ಇಂಥ ಜಾಣತನವನ್ನು ತೆರಿಗೆಯ ಪುಸ್ತಕವಲ್ಲದೆ ಬೇರೆ ಯಾವುದೂ ಕಲಿಸಲಾರದು.

ನಮ್ಮಂಥ ಸಣ್ಣ ಊರುಗಳಿಗೆ ವಿಮಾನ ತರುವ ಕೇಂದ್ರ ಸರ್ಕಾರದ ಉಡಾನ್ ಯೋಜನೆಯಿಂದ ಒಂದಿಷ್ಟು ಆಸರೆ ಸಿಕ್ಕಿತು. ಆ ಮಾರ್ಗಗಳಲ್ಲಿ ಇಂಧನದ ಮೇಲಿನ ಕೇಂದ್ರದ ಸುಂಕವನ್ನು ಶೇಕಡಾ ಎರಡಕ್ಕೆ ಇಳಿಸಿ, ಕೆಲವು ಸೀಟುಗಳ ದರಕ್ಕೆ ಮಿತಿ ಹಾಕಿ, ಆ ಕೊರತೆಯನ್ನು ಮೂರು ವರ್ಷ ತುಂಬಿಕೊಡುವ ವ್ಯವಸ್ಥೆ ಅದು. ಮೂರು ವರ್ಷ ಮುಗಿದೊಡನೆ ದೇಶದ ಎಷ್ಟೋ ಮಾರ್ಗಗಳಲ್ಲಿ ವಿಮಾನವೂ ನಿಂತಿತು. ಏರ್ ಡೆಕ್ಕನ್ 2003ರಲ್ಲಿ ಹುಟ್ಟಿದಾಗ ಅದರ ಮೊದಮೊದಲ ಮಾರ್ಗಗಳಲ್ಲಿ ಬೆಂಗಳೂರು–ಹುಬ್ಬಳ್ಳಿಯೂ ಒಂದಾಗಿತ್ತು. ಆಮೇಲೆ ಇಲ್ಲಿಗೆ ಬಂದ ಕಂಪನಿಗಳೂ ಹೋದ ಕಂಪನಿಗಳೂ ಹಲವು.

ಕಂಪನಿಯ ಉಳಿದ ಖರ್ಚುಗಳಾದರೂ ಜಗ್ಗುತ್ತವೆಯೇ ಎಂದರೆ ಅದೂ ಇಲ್ಲ. ವಿಮಾನಗಳು ಬಹುಪಾಲು ಬಾಡಿಗೆಯವು, ಬಾಡಿಗೆಯನ್ನು ಡಾಲರಿನಲ್ಲಿ ಕಟ್ಟಬೇಕು. ಎಂಜಿನ್ ದುರಸ್ತಿಯೂ ಡಾಲರಿನಲ್ಲೇ. ತೈಲ ಏರಿದಾಗ ನಮ್ಮ ರೂಪಾಯಿ ಸಾಮಾನ್ಯವಾಗಿ ಇಳಿಯುವುದರಿಂದ ಒಂದೇ ಸಲ ಎರಡು ಪೆಟ್ಟು. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬ ಮುಂದಿನ ಸುಗ್ಗಿಯ ಮಾಲಿಗೆ ಇಂದೇ ದರ ಗೊತ್ತುಮಾಡಿಕೊಂಡ ಹಾಗೆ, ಮುಂಗಡವಾಗಿ ಇಂಧನದ ದರ ಕಟ್ಟಿಕೊಳ್ಳುವ ದಾರಿಯೊಂದಿದೆ. ಅಮೆರಿಕದ ಸೌತ್‌ವೆಸ್ಟ್ ಕಂಪನಿ 2000ದ ದಶಕದಲ್ಲಿ ಇದರಿಂದಲೇ ಬಚಾವಾಯಿತು. ಹಾಂಗ್‌ಕಾಂಗಿನ ಕ್ಯಾಥೆ ಪೆಸಿಫಿಕ್ ಇದೇ ದಾರಿ ಹಿಡಿದು, ತೈಲ ಅಗ್ಗವಾದಾಗ ಭಾರಿ ನಷ್ಟ ತಿಂದಿತು. ನಮ್ಮ ಕಂಪನಿಗಳು ಹೆಚ್ಚಾಗಿ ಆ ಗೊಡವೆಗೆ ಹೋಗುವುದಿಲ್ಲ.

ತೈಲದವನು ಜಗ್ಗುವುದಿಲ್ಲ, ತೆರಿಗೆಯವನು ಜಗ್ಗುವುದಿಲ್ಲ, ಬಾಡಿಗೆಯವನು ಕಂತು ತಪ್ಪಿದರೆ ವಿಮಾನವನ್ನೇ ಎಳೆದೊಯ್ಯುತ್ತಾನೆ. ಉಳಿಯುವುದು ಪಗಾರ. ಮೆತ್ತಗಿದ್ದವರಿಗೆ ಮತ್ತೊಂದು ಗುದ್ದು ಎನ್ನುವುದು ಇದಕ್ಕೇ.

ಈ ಗುದ್ದಿನಿಂದ ಸಿಗುವುದಾದರೂ ಎಷ್ಟು? ನಮ್ಮ ಎಟಿಆರ್‌ನ ಕ್ಯಾಪ್ಟನ್‌ಗೆ ತಿಂಗಳಿಗೆ ಆರು ಲಕ್ಷ, ಸಹ ಪೈಲಟ್‌ಗೆ ಎರಡು ಲಕ್ಷ ಎಂದು ಲೆಕ್ಕಕ್ಕಾಗಿ ಹಿಡಿಯೋಣ. ಪೈಲಟ್‌ಗಳ ಪಗಾರ ಸಾಮಾನ್ಯವಾಗಿ ತಿಂಗಳಿಗೆ ಇಂತಿಷ್ಟು ಗಂಟೆಯ ಹಾರಾಟಕ್ಕೆ ಖಾತರಿ, ಅದರ ಮೇಲಿನದಕ್ಕೆ ಗಂಟೆ ಲೆಕ್ಕ ಎಂಬ ರೀತಿಯದು. ಎಪ್ಪತ್ತು ಗಂಟೆ ಎಂದುಕೊಂಡರೆ ಇಬ್ಬರ ಪಗಾರವೂ ಸೇರಿ ಗಂಟೆಗೆ 11,400 ರೂಪಾಯಿ ಚಿಲ್ಲರೆ, ಸೀಟಿಗೆ 145ರ ಸುಮಾರು. ಇದರಲ್ಲಿ ಐದನೇ ಒಂದು ಭಾಗ ಕಡಿತ ಮಾಡಿದರೆ ಸೀಟಿಗೆ 30 ರೂಪಾಯಿ ಉಳಿಯುತ್ತದೆ; ಅದರಲ್ಲಿ ವಿಮಾನ ನಿಲ್ದಾಣದಲ್ಲಿ ಒಂದು ಕಪ್ ಚಹಾ ಕೂಡ ಬರುವುದಿಲ್ಲ. ಇಂಧನದಿಂದ ಬಿದ್ದ ಹೊರೆ 590. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ.

ಹಾಗಿದ್ದೂ ಕಡಿತ ನಡೆಯುತ್ತದೆ. ಅಮೆರಿಕದ ಡೆಲ್ಟಾ ಕಂಪನಿಯ ಪೈಲಟ್‌ಗಳು 2004ರಲ್ಲಿ ಶೇಕಡಾ 32.5ರಷ್ಟು ವೇತನ ಕಡಿತಕ್ಕೆ ಒಪ್ಪಿ ಸಹಿ ಹಾಕಿದರು. ಮರುವರ್ಷದ ಸೆಪ್ಟೆಂಬರ್‌ನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿಯೇ ಹಾಕಿತು. 2009ರ ಜನವರಿಯಲ್ಲಿ ಎರಡೂ ಎಂಜಿನ್ ಕೆಟ್ಟ ವಿಮಾನವನ್ನು ನ್ಯೂಯಾರ್ಕಿನ ಹಡ್ಸನ್ ನದಿಯ ಮೇಲೆ ಇಳಿಸಿ 155 ಜನರನ್ನು ಉಳಿಸಿದ ಕ್ಯಾಪ್ಟನ್ ಸುಲೆನ್‌ಬರ್ಗರ್, ಮುಂದಿನ ತಿಂಗಳೇ ಅಮೆರಿಕದ ಸಂಸತ್ತಿನ ಸಮಿತಿಯೆದುರು ನಿಂತು, ತಮ್ಮ ಪಗಾರದಲ್ಲಿ ಶೇಕಡಾ 40ರಷ್ಟು ಹೋಗಿದೆ, ಪಿಂಚಣಿಯೂ ಬಹುಪಾಲು ಕರಗಿದೆ ಎಂದು ಹೇಳಿದರು. ಹಾರ ತುರಾಯಿಗಳ ನಡುವೆ ಆ ಮಾತನ್ನು ಹೆಚ್ಚು ಜನ ಕೇಳಿಸಿಕೊಳ್ಳಲಿಲ್ಲ.

ನಮ್ಮಲ್ಲಿ ಕಿಂಗ್‌ಫಿಷರ್ 2012ರ ಅಕ್ಟೋಬರ್‌ನಲ್ಲಿ ನಿಂತಾಗ ನೌಕರರಿಗೆ ತಿಂಗಳುಗಟ್ಟಲೆ ಪಗಾರ ಆಗಿರಲಿಲ್ಲ. 2018ರಲ್ಲಿ ಕಚ್ಚಾ ತೈಲ ಏರಿ, ಡಾಲರಿಗೆ ರೂಪಾಯಿ 74ಕ್ಕೆ ಇಳಿದ ಮೇಲೆ ಏದುಸಿರು ಬಿಡುತ್ತಿದ್ದ ಜೆಟ್ ಏರ್‌ವೇಸ್ 2019ರ ಏಪ್ರಿಲ್ 17ರ ರಾತ್ರಿ ಕೊನೆಯ ಬಾರಿ ಹಾರಿತು. 2023ರ ಮೇ ತಿಂಗಳಲ್ಲಿ ಗೋ ಫಸ್ಟ್ ನಿಂತಿತು, ಅದಕ್ಕೆ ಮಾತ್ರ ಎಂಜಿನ್ ಕೊರತೆ ಮುಖ್ಯ ಕಾರಣ. ಹೀಗೆ ನಿಂತುಹೋದ ಒಂದು ಕಂಪನಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಹ ಪೈಲಟ್ ಆಗಿದ್ದ. ಗದಗ ಜಿಲ್ಲೆಯ ಹಳ್ಳಿಯವನು. ತರಬೇತಿಗೆಂದು ಅವನ ತಂದೆ ಎರೆಹೊಲವನ್ನು ಬ್ಯಾಂಕಿಗೆ ಅಡವಿಟ್ಟಿದ್ದರು. ಪಗಾರ ನಿಂತ ಮೂರನೆಯ ತಿಂಗಳು ಅವನು ನಮ್ಮ ಮನೆಗೆ ಬಂದು, ‘ಸರ್, ನನಗ ಹಾರಾಕ ಬರತದ, ಕಂತು ತುಂಬಾಕ ಬರವಲ್ದು’ ಎಂದ. ಮೂರು ತಿಂಗಳೂ ಕೆಲಸಕ್ಕೆ ಹೋಗಿದ್ದನಂತೆ, ಏಕೆಂದರೆ ಹಾರಾಟದ ಗಂಟೆಗಳು ಸೇರದಿದ್ದರೆ ಕ್ಯಾಪ್ಟನ್ ಆಗುವುದು ಹೇಗೆ? ಬಿಟ್ಟು ಹೋಗೋಣವೆಂದರೆ 2017ರ ನಿಯಮದ ಪ್ರಕಾರ ಸಹ ಪೈಲಟ್ ಆರು ತಿಂಗಳು, ಕ್ಯಾಪ್ಟನ್ ಒಂದು ವರ್ಷ ಮೊದಲೇ ನೋಟಿಸ್ ಕೊಡಬೇಕು.

ಪಗಾರ ಉಳಿಸುವುದಕ್ಕೆ ಇನ್ನೊಂದು ದಾರಿ, ಇದ್ದವರಿಂದಲೇ ಹೆಚ್ಚು ಕೆಲಸ ತೆಗೆಯುವುದು. ಪೈಲಟ್‌ಗಳ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸಿ, ರಾತ್ರಿ ಇಳಿಸುವಿಕೆಗೆ ಮಿತಿ ಹಾಕಿದ ನಿಯಮಗಳು 2024ರ ಜನವರಿಯಲ್ಲೇ ಪ್ರಕಟವಾಗಿದ್ದವು. ಅವು ಪೂರ್ತಿಯಾಗಿ ಜಾರಿಗೆ ಬಂದದ್ದು 2025ರ ನವೆಂಬರ್‌ನಲ್ಲಿ. ಆ ನಿಯಮಗಳಿಗೆ ತಕ್ಕಷ್ಟು ಪೈಲಟ್‌ಗಳಿಲ್ಲದೆ ಡಿಸೆಂಬರ್ ಮೊದಲ ವಾರದಲ್ಲಿ ಇಂಡಿಗೊದ ಸಾವಿರಾರು ಹಾರಾಟಗಳು ರದ್ದಾದವು. ಹುಬ್ಬಳ್ಳಿಯಲ್ಲಿ ಆಗ ನಡೆದ ಒಂದು ಆರತಕ್ಷತೆಯನ್ನು ದೇಶವೆಲ್ಲ ನೋಡಿತು: ವಧೂವರರು ಊರು ಮುಟ್ಟಲಾಗದೆ ಪರದೆಯ ಮೇಲೆ ಕಾಣಿಸಿಕೊಂಡರು, ಬಂದ ನೆಂಟರು ಆ ಪರದೆಗೇ ಹರಸಿದರು. ನಮಗೆ ನಗು ಬಂತು, ಆ ಮನೆಯವರಿಗೆ ಖಂಡಿತ ಬಂದಿರಲಾರದು.

ಇಷ್ಟೆಲ್ಲ ಹೇಳುವುದಕ್ಕೆ ಒಂದು ಕಾರಣವಿದೆ. ಇಂಧನವನ್ನು ನಿಜವಾಗಿ ಉಳಿಸಬಲ್ಲವನು ಇದೇ ಪೈಲಟ್. ಹುಬ್ಬಳ್ಳಿಯಲ್ಲಿ ಎಟಿಆರ್ ಬಂದು ನಿಂತಾಗ ಗಮನಿಸಿ: ಜನ ಎಡಬದಿಯಿಂದ ಹತ್ತಿ ಇಳಿಯುವಾಗ ಬಲಗಡೆಯ ಎಂಜಿನ್ ಕೆಲವೊಮ್ಮೆ ಓಡುತ್ತಲೇ ಇರುತ್ತದೆ, ಪಂಖಕ್ಕೆ ಮಾತ್ರ ಬ್ರೇಕ್ ಹಾಕಿರುತ್ತಾರೆ. ಒಳಗಿನ ದೀಪ, ತಂಪುಗಾಳಿಗಳಿಗೆ ವಿದ್ಯುತ್ ಸಿಗುವುದು ಅದರಿಂದ. ಅದನ್ನು ಎಷ್ಟು ಹೊತ್ತು ಓಡಿಸಬೇಕು, ಎಷ್ಟು ಎತ್ತರದಲ್ಲಿ ಹಾರಬೇಕು, ಎಲ್ಲಿಂದ ಇಳಿಯಲು ಆರಂಭಿಸಿದರೆ ಎಂಜಿನ್ನಿಗೆ ಹೆಚ್ಚು ಒತ್ತಡ ಬೀಳದೆ ನೆಲ ಮುಟ್ಟಬಹುದು, ಇವೆಲ್ಲ ಆ ಇಬ್ಬರ ಕೈಯಲ್ಲಿ ಇರುವ ಸಂಗತಿಗಳು. ದಿನಕ್ಕೆ ನಾಲ್ಕೈದು ಹಾರಾಟಗಳಲ್ಲಿ ಹೀಗೆ ಉಳಿಯುವ ಇಂಧನದ ಬೆಲೆಯನ್ನು ಮೂವತ್ತು ರೂಪಾಯಿಯ ಕಡಿತದೊಂದಿಗೆ ಯಾವ ಲೆಕ್ಕಿಗನಾದರೂ ಹೋಲಿಸಿ ನೋಡಿದ್ದಾನೆಯೇ ಎಂದು ನನಗೆ ಸಂಶಯ.

ಆಷಾಢದ ಒಂದು ಬೆಳಿಗ್ಗೆ, ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಡಬೇಕಾದ ಕ್ಯಾಪ್ಟನ್‌ನ ಕೈಗೆ ಇಂಧನದ ಹಾಳೆ ಬರುತ್ತದೆ. ದಾರಿಗೆ ಇಷ್ಟು, ಹೆಚ್ಚುಕಡಿಮೆಗೆ ಇಷ್ಟು, ಹುಬ್ಬಳ್ಳಿಯಲ್ಲಿ ಇಳಿಯಲಾಗದಿದ್ದರೆ ಬೇರೆ ನಿಲ್ದಾಣಕ್ಕೆ ಹೋಗಲು ಇಷ್ಟು, ಕೊನೆಗೆ ಅರ್ಧ ಗಂಟೆಯ ಮೀಸಲು. ಗೋಕುಲ ರಸ್ತೆಯ ಮೇಲೆ ಮೋಡ ಕೆಳಗಿಳಿದಿದೆಯೆಂದು ಹವಾಮಾನದ ವರದಿ ಹೇಳುತ್ತದೆ. ಇನ್ನೂ ಇನ್ನೂರು ಕಿಲೋ ಹೆಚ್ಚು ಹಾಕಿಸಿಕೊಂಡರೆ ತಿಂಗಳ ಕೊನೆಗೆ ಕಚೇರಿಯಿಂದ ಯಾಕೆಂದು ಕೇಳುವ ಪತ್ರ ಬಂದರೂ ಬರಬಹುದು. ಅವನು ಆ ಅಂಕಿಯನ್ನು ಹೊಡೆದುಹಾಕಿ, ಪಕ್ಕದಲ್ಲಿ ಹೊಸ ಅಂಕಿ ಬರೆದು, ಕೆಳಗೆ ಸಹಿ ಮಾಡಿ ಹಾಳೆಯನ್ನು ಹಿಂದಕ್ಕೆ ಕೊಡುತ್ತಾನೆ.

ನಮಸ್ಕಾರ.