16 ಜನರ ಲೆಕ್ಕ: ಗಲಾಪಗೋಸ್‌ಗೆ ಗುಂಪಾಗಿ ಹೋಗುವ ಮುನ್ನ

ಕೇಳುಗರಿಗೆ ನಮಸ್ಕಾರ.

ಗುಂಪು ಕಟ್ಟಿಕೊಂಡು ಗಲಾಪಗೋಸ್ ದ್ವೀಪಗಳಿಗೆ ಹೊರಡುವವರು ಮೊದಲು ತಲೆಯಲ್ಲಿಟ್ಟುಕೊಳ್ಳಬೇಕಾದ ಅಂಕಿ 16. ಪರವಾನಗಿ ಇರುವ ಒಬ್ಬ ಗೈಡ್ ಹಿಂದೆ 16ಕ್ಕಿಂತ ಹೆಚ್ಚು ಜನ ನಡೆಯುವಂತಿಲ್ಲ, ಇದು ಅಲ್ಲಿನ ರಾಷ್ಟ್ರೀಯ ಉದ್ಯಾನದ ಕಟ್ಟಳೆ. ಸಣ್ಣ ಹಡಗುಗಳು ಹೆಚ್ಚಾಗಿ ಇದೇ ಲೆಕ್ಕಕ್ಕೆ ಇರುತ್ತವೆ: ಎಂಟು ಕ್ಯಾಬಿನ್, ಕ್ಯಾಬಿನ್ನಿಗೆ ಇಬ್ಬರು. 17ನೆಯವರು ಸೇರಿದರೆ ಇನ್ನೊಬ್ಬ ಗೈಡ್ ಬೇಕು, ಹಡಗಿನ ಪ್ರವಾಸವಾದರೆ ದೊಡ್ಡ ಹಡಗೇ ಬೇಕು. 15 ಜನರಿದ್ದರೆ ಒಂದು ಖಾಲಿ ಹಾಸಿಗೆಯ ದುಡ್ಡು ಯಾರದೋ ತಲೆಯ ಮೇಲೆ ಬೀಳುತ್ತದೆ. ಗುಂಪನ್ನು ಕರೆದೊಯ್ಯುವವರಿಗೂ ಒಂದು ಹಾಸಿಗೆ ಬೇಕಲ್ಲ, ಅವರನ್ನು ಎಣಿಸಲು ಮರೆಯುವುದು ತೀರಾ ಸಾಮಾನ್ಯ. ಆದ್ದರಿಂದ ಹೆಸರು ಬರೆದುಕೊಳ್ಳುವಾಗ 14ಕ್ಕೆ ನಿಲ್ಲಿಸಿ, ಎರಡು ಜಾಗ ಕೈಯಲ್ಲಿಟ್ಟುಕೊಳ್ಳುವುದು ಜಾಣತನ.

ಈ ದ್ವೀಪಗಳು ಈಕ್ವೆಡಾರ್ ದೇಶಕ್ಕೆ ಸೇರಿದವು. ಅದರ ಕರಾವಳಿಯಿಂದ ಪಶ್ಚಿಮಕ್ಕೆ ಸುಮಾರು 1,000 ಕಿಲೋಮೀಟರ್ ದೂರ, ಪೆಸಿಫಿಕ್ ಸಾಗರದ ನಡುವೆ, ಸಮಭಾಜಕ ವೃತ್ತದ ಮೇಲೆಯೇ ಇವೆ. ಹುಟ್ಟಿದ್ದು ಜ್ವಾಲಾಮುಖಿಯಿಂದ. ಉರಿಯುವ ಮೇಣದಬತ್ತಿಯ ಮೇಲೆ ಕಾಗದವೊಂದನ್ನು ನಿಧಾನವಾಗಿ ಎಳೆದರೆ ಸುಟ್ಟ ಕಲೆಗಳು ಸಾಲಾಗಿ ಮೂಡುತ್ತವಲ್ಲ, ಇದೂ ಹಾಗೆಯೇ. ಭೂಮಿಯೊಳಗಿನ ಬಿಸಿ ಇದ್ದಲ್ಲೇ ಇದೆ. ಮೇಲಿನ ನಾಸ್ಕಾ ಫಲಕ, ಅಂದರೆ ಭೂಮಿಯ ಹೊರಚಿಪ್ಪಿನ ಒಂದು ತುಂಡು, ವರ್ಷಕ್ಕೆ ಕೆಲವೇ ಸೆಂಟಿಮೀಟರಿನಷ್ಟು ಪೂರ್ವಕ್ಕೆ ಸರಿಯುತ್ತಿದೆ. ಹಾಗಾಗಿ ಪೂರ್ವದ ಎಸ್ಪಾನ್ಯೋಲಾ, ಸಾನ್ ಕ್ರಿಸ್ಟೋಬಲ್ ಮುದಿ ದ್ವೀಪಗಳು, ಅವಕ್ಕೆ ಹತ್ತಾರು ಲಕ್ಷ ವರ್ಷಗಳ ವಯಸ್ಸು. ಅಂಚು ಸವೆದಿದೆ, ಮಣ್ಣು ಕೂಡಿದೆ. ಪಶ್ಚಿಮದ ಇಸಬೆಲಾ, ಫರ್ನಾಂಡಿನಾ ಇನ್ನೂ ಎಳೆಯವು. ಫರ್ನಾಂಡಿನಾ 2024ರ ಮಾರ್ಚ್‌ನಲ್ಲೂ ಲಾವಾ ಉಗುಳಿತು.

ಪ್ರವಾಸದ ದಾರಿಯನ್ನು ಈ ಪೂರ್ವ–ಪಶ್ಚಿಮದ ಲೆಕ್ಕದಿಂದಲೇ ಶುರು ಮಾಡಬೇಕು. ಕಾರಣ ಹೇಳುತ್ತೇನೆ. ಒಂದೇ ಜಾಗಕ್ಕೆ ಒಂದೇ ಹಡಗು 14 ದಿನಗಳೊಳಗೆ ಮತ್ತೆ ಬರಬಾರದೆಂದು ಉದ್ಯಾನದವರು ನಿಯಮ ಮಾಡಿದ್ದಾರೆ. ಹಡಗುಗಳು ಅದಕ್ಕೆ ಹೊಂದಿಕೊಂಡು ಒಂದು ವಾರ ಒಂದು ಕಡೆ, ಮರುವಾರ ಇನ್ನೊಂದು ಕಡೆ ಸುತ್ತುತ್ತವೆ. ಅಲೆಗೆರೆಯ ಆಲ್ಬಟ್ರಾಸ್ ಗೂಡುಕಟ್ಟುವುದು ಆಗ್ನೇಯ ಮೂಲೆಯ ಎಸ್ಪಾನ್ಯೋಲಾದಲ್ಲಿ, ಅದೂ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಮಾತ್ರ. ಹಾರಲಾರದ ನೀರುಕಾಗೆ ಇರುವುದು ಪಶ್ಚಿಮದ ತುದಿಯಲ್ಲಿ, ಇಸಬೆಲಾ ಮತ್ತು ಫರ್ನಾಂಡಿನಾದಲ್ಲಿ. ಎರಡನ್ನೂ ಒಂದೇ ವಾರದಲ್ಲಿ ನೋಡುವ ಆಸೆ ಸಾಮಾನ್ಯವಾಗಿ ಕೈಗೂಡುವುದಿಲ್ಲ. ಹಾಗಾಗಿ ಗುಂಪಿನ ಮೊದಲ ಸಭೆಯಲ್ಲಿ ಕೇಳಬೇಕಾದ ಪ್ರಶ್ನೆ ‘ಖರ್ಚೆಷ್ಟು’ ಅಲ್ಲ, ‘ಯಾವ ಪ್ರಾಣಿ ನೋಡದೆ ಬಂದರೆ ಬೇಸರವಾಗುತ್ತದೆ’ ಎಂಬುದು. ಉತ್ತರ ಸಿಕ್ಕರೆ ತಿಂಗಳು ತಾನಾಗಿ ಗೊತ್ತಾಗುತ್ತದೆ, ತಿಂಗಳಿಂದ ದಾರಿ, ದಾರಿಯಿಂದ ಹಡಗು.

ತಿಂಗಳ ವಿಷಯದಲ್ಲಿ ಇನ್ನೊಂದು ಮಾತು. ಜನವರಿಯಿಂದ ಮೇವರೆಗೆ ಸೆಕೆ, ಆಗೀಗ ಜೋರು ಮಳೆ, ಆದರೆ ಕಡಲು ಶಾಂತ, ನೀರು ಬೆಚ್ಚಗೆ. ಜೂನ್‌ನಿಂದ ನವೆಂಬರ್‌ವರೆಗೆ ತಣ್ಣನೆಯ ಹಂಬೋಲ್ಟ್ ಪ್ರವಾಹದ ಕಾಲ. ಎತ್ತರದ ಜಾಗಗಳಲ್ಲಿ ಮಂಜಿನಂಥ ತುಂತುರು ಹಿಡಿದುಕೊಳ್ಳುತ್ತದೆ, ಕಡಲು ಒರಟು, ಕೆಲವೆಡೆ ನೀರು 20 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಹೊಟ್ಟೆ ತೊಳಸುವ ಕಾಯಿಲೆ ಇರುವವರು ಗುಂಪಿನಲ್ಲಿ ಹೆಚ್ಚಿದ್ದರೆ ಮೊದಲ ಕಾಲವೇ ಲೇಸು. ಆದರೆ ಮೀನು, ಪಾಚಿ ಹುಲುಸಾಗುವುದು ತಣ್ಣೀರಿನ ಕಾಲದಲ್ಲಿ. ಕಡಲಹಕ್ಕಿಗಳ ಚಟುವಟಿಕೆಯೂ ಆಗಲೇ ಜೋರು.

ಹಡಗು ಬೇಡ, ಊರುಗಳಲ್ಲಿ ಉಳಿದುಕೊಂಡೇ ದ್ವೀಪದಿಂದ ದ್ವೀಪಕ್ಕೆ ಹೋಗುತ್ತೇವೆ ಅನ್ನುವವರಿಗೂ ದಾರಿಯಿದೆ. ಸಾಂಟಾ ಕ್ರೂಸ್ ದ್ವೀಪದ ಪುವೆರ್ಟೊ ಅಯೋರಾ ಇದಕ್ಕೆ ನಡುಮನೆ ಇದ್ದಂತೆ. ಅಲ್ಲಿಂದ ಇಸಬೆಲಾಗೂ ಸಾನ್ ಕ್ರಿಸ್ಟೋಬಲ್‌ಗೂ ವೇಗದ ಲಾಂಚುಗಳು ಬೆಳಿಗ್ಗೆ ಮತ್ತು ಮಧ್ಯಾಹ್ನ ಹೊರಡುತ್ತವೆ. ಪ್ರಯಾಣ ಸುಮಾರು ಎರಡು ಗಂಟೆ. ಎಡವುವುದು ಎಲ್ಲಿ ಗೊತ್ತೇ? ಇಸಬೆಲಾದಿಂದ ಸಾನ್ ಕ್ರಿಸ್ಟೋಬಲ್‌ಗೆ ನೇರ ಲಾಂಚ್ ಇರುತ್ತದೆಂದು ನಂಬಿಕೊಳ್ಳುವುದರಲ್ಲಿ. ಸಾಂಟಾ ಕ್ರೂಸ್‌ಗೆ ಮರಳಿ ಬಂದು ಅಲ್ಲಿಂದ ಇನ್ನೊಂದು ಲಾಂಚ್ ಹತ್ತಬೇಕು, ಇಡೀ ದಿನ ಅದಕ್ಕೇ ಹೋಗುತ್ತದೆ. ಕೂರುವ ಜಾಗವೂ ಮುಖ್ಯ. ಮುಂಭಾಗ ಅಲೆಗೆ ಎದ್ದು ಎದ್ದು ಬೀಳುತ್ತದೆ, ಬೆನ್ನುನೋವಿನವರಿಗೆ ಅದು ಶಿಕ್ಷೆಯೇ ಸರಿ. ಅವರನ್ನು ಹಿಂದೆ ನಡುವಿನಲ್ಲಿ ಕೂರಿಸಿ. ವಾಂತಿ ತಡೆಯುವ ಮಾತ್ರೆಯನ್ನು ಲಾಂಚ್ ಹತ್ತುವ ಒಂದು ಗಂಟೆ ಮೊದಲೇ ನುಂಗಬೇಕು, ಹೊಟ್ಟೆ ತೊಳಸಲು ಶುರುವಾದ ಮೇಲೆ ನುಂಗಿದರೆ ಅದು ಹೊಟ್ಟೆಯಲ್ಲಿ ನಿಲ್ಲುವುದೇ ಇಲ್ಲ.

ದ್ವೀಪಗಳಿಗೆ ವಿಮಾನ ಹೊರಡುವುದು ಕೀಟೊ ಇಲ್ಲವೇ ಗ್ವಾಯಕಿಲ್ ನಗರದಿಂದ. ಕೀಟೊ 2,850 ಮೀಟರ್ ಎತ್ತರದಲ್ಲಿದೆ. ವಯಸ್ಸಾದವರೂ ಉಬ್ಬಸದವರೂ ಇರುವ ಗುಂಪು ಕಡಲಮಟ್ಟದ ಗ್ವಾಯಕಿಲ್‌ನಲ್ಲಿ ರಾತ್ರಿ ಕಳೆಯುವುದು ಒಳ್ಳೆಯದು. ಒಂದು ದಿನ ಮೊದಲೇ ಅಲ್ಲಿರಬೇಕು, ವಿಮಾನ ತಪ್ಪಿದವರಿಗಾಗಿ ಹಡಗು ಕಾಯುವುದಿಲ್ಲ. ನಿಲ್ದಾಣದಲ್ಲಿ ಚೆಕ್ ಇನ್‌ಗೆ ಮೊದಲು ಪ್ರಯಾಣ ನಿಯಂತ್ರಣ ಕಾರ್ಡ್ ಪಡೆಯಬೇಕು, ಅದಕ್ಕೆ 20 ಡಾಲರ್. ಉದ್ಯಾನದ ಪ್ರವೇಶ ಶುಲ್ಕ 2024ರ ಆಗಸ್ಟ್‌ನಿಂದ ವಿದೇಶಿ ವಯಸ್ಕರಿಗೆ 200 ಡಾಲರ್, 12 ವರ್ಷದೊಳಗಿನ ಮಕ್ಕಳಿಗೆ 100. ಈಕ್ವೆಡಾರ್‌ನ ಚಲಾವಣೆಯ ನಾಣ್ಯವೇ ಅಮೆರಿಕದ ಡಾಲರ್, ಹಣ ಬದಲಿಸುವ ತಾಪತ್ರಯವಿಲ್ಲ. ಆದರೆ ಈ ಶುಲ್ಕಗಳನ್ನು ನಗದಾಗಿಯೇ ಇಟ್ಟುಕೊಳ್ಳಿ. ದ್ವೀಪದ ಗಡಿಯಾರ ಮುಖ್ಯ ಭೂಮಿಗಿಂತ ಒಂದು ಗಂಟೆ ಹಿಂದೆ, ಮೊದಲ ದಿನವೇ ಎಲ್ಲರ ಫೋನು ನೋಡಿ ಸರಿಪಡಿಸಿಬಿಡಿ.

ಸಾಮಾನಿನ ತಪಾಸಣೆ ಬಿಗಿ. ಹಣ್ಣು, ಬೀಜ, ಗಿಡ, ಮಣ್ಣು ಯಾವುದೂ ಒಳಗೆ ಬರಕೂಡದು. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವಾಗಲೂ ಜೆಟ್ಟಿಯಲ್ಲಿ ಚೀಲ ಬಿಚ್ಚಿಸುತ್ತಾರೆ. ಇದು ಬರಿಯ ಕಾಟವಲ್ಲ. ಹೊರಗಿನಿಂದ ಬಂದ ಮೇಕೆಗಳು ಇಸಬೆಲಾ, ಸಾಂಟಿಯಾಗೊ ದ್ವೀಪಗಳ ಹಸಿರನ್ನು ಬರಿದು ಮಾಡಿ ಆಮೆಗಳ ಬಾಯಿಗೆ ಹುಲ್ಲಿಲ್ಲದಂತೆ ಮಾಡಿದ್ದವು, ಅವನ್ನು ನಿರ್ಮೂಲ ಮಾಡಲು ವರ್ಷಗಟ್ಟಲೆ ಹೆಣಗಬೇಕಾಯಿತು. ಬೂಟಿನ ಅಟ್ಟೆಯ ಗೀರುಗಳಲ್ಲಿ, ಅದರ ಅಂಟುಪಟ್ಟಿಯಲ್ಲಿ ಸಿಕ್ಕಿಕೊಂಡ ಹುಲ್ಲುಬೀಜವನ್ನು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೆಗೆದುಕೊಂಡೇ ಹೊರಡಿ.

ಇನ್ನು ಇಳಿಯುವ ಕಲೆ. ಹಡಗಿನಿಂದ ದಡಕ್ಕೆ ಒಯ್ಯುವ ರಬ್ಬರ್ ದೋಣಿಗೆ ಅಲ್ಲಿ ಪಂಗಾ ಅನ್ನುತ್ತಾರೆ. ಹತ್ತುವಾಗ ಎರಡೂ ಕೈ ಖಾಲಿ ಇರಬೇಕು, ಕ್ಯಾಮೆರಾ ಚೀಲದೊಳಗೆ, ಚೀಲ ಬೆನ್ನಿಗೆ. ನಾವಿಕನ ಬೆರಳು ಹಿಡಿಯಬೇಡಿ. ಅವರ ಮಣಿಕಟ್ಟಿನ ಮೇಲಿನ ಭಾಗವನ್ನು ನೀವು ಹಿಡಿಯಬೇಕು, ನಿಮ್ಮದನ್ನು ಅವರು. ಕೈ ಒದ್ದೆಯಾಗಿದ್ದರೂ ಆ ಹಿಡಿತ ಜಾರದು. ಕಲ್ಲಿನ ಮೇಲೆ ಇಳಿಯುವುದು ಒಣ ಇಳಿತ, ಅದಕ್ಕೆ ಹಿಡಿತವುಳ್ಳ ಬೂಟು. ಮರಳ ದಡದಲ್ಲಿ ಒದ್ದೆ ಇಳಿತ. ಅಂಚಿನ ಮೇಲೆ ಕೂತು, ಎರಡೂ ಕಾಲನ್ನು ಹೊರಗೆ ತಿರುಗಿಸಿ, ಅಲೆ ಹಿಂದೆ ಸರಿದ ಕ್ಷಣ ನೋಡಿಕೊಂಡು ನೀರಿಗೆ ಜಾರಬೇಕು. ಮುಂದೆ ನಿಂತು ಧುಮುಕಿದವರೇ ಪಾದ ಉಳುಕಿಸಿಕೊಳ್ಳುವುದು.

ಜ್ವಾಲಾಮುಖಿಯ ನೆಲ ನೋಡಲು ಗುಂಪಿಗೆ ಬೇಕಾದದ್ದು ಇಸಬೆಲಾದ ಸಿಯೆರಾ ನೆಗ್ರಾ. ಕುಸಿದ ಬಾಯಿಯೇ ಸುಮಾರು 10 ಕಿಲೋಮೀಟರ್ ಉದ್ದ, 7 ಕಿಲೋಮೀಟರ್ ಅಗಲ. ತುಟಿಯ ಮೇಲೆ ನಿಂತರೆ ಒಳಗೆ ಕಪ್ಪಗೆ ಹೆಪ್ಪುಗಟ್ಟಿದ ಬಯಲು. 2005ರಲ್ಲಿ ಉಕ್ಕಿದ ಮೇಲೆ ಆ ಬಯಲು ಒಳಗಿನ ಒತ್ತಡಕ್ಕೆ ಮೆಲ್ಲಮೆಲ್ಲಗೆ ಉಬ್ಬಿತು, 6 ಮೀಟರಿಗೂ ಮೀರಿ. ಕೊನೆಗೆ 2018ರ ಜೂನ್‌ನಲ್ಲಿ ಮತ್ತೆ ಒಡೆಯಿತು. ಅಂಚಿನಿಂದ ಮುಂದೆ ಪಕ್ಕದ ಪುಟ್ಟ ಜ್ವಾಲಾಮುಖಿ ವೊಲ್ಕಾನ್ ಚೀಕೊವರೆಗೆ ಹೋಗಿಬರಲು ಒಟ್ಟು ಸುಮಾರು 16 ಕಿಲೋಮೀಟರ್ ನಡಿಗೆ, ಐದಾರು ಗಂಟೆ. ಮೊದಲ ಭಾಗ ಹಸಿರು, ಮಂಜು, ಕೆಸರು. ಚೀಕೊ ತಲುಪಿದರೆ ನೆರಳಿನ ಮಾತೇ ಇಲ್ಲ. ಕೆಂಪು, ಹಳದಿ, ಇದ್ದಿಲು ಬಣ್ಣದ ಕಲ್ಲು, ಕೆಲವು ಬಿರುಕುಗಳಲ್ಲಿ ಕೈಗೆ ತಾಕುವಷ್ಟು ಬಿಸಿಗಾಳಿ. ತಲಾ ಎರಡು ಲೀಟರ್ ನೀರು ಬೇಕೇ ಬೇಕು. ಬೆಳಿಗ್ಗೆ ಮಂಜು ಕವಿದಿದೆಯೆಂದು ಬಿಸಿಲಿನ ಟೋಪಿ ಬಿಟ್ಟುಬರುವವರು ಮಧ್ಯಾಹ್ನ ಪಶ್ಚಾತ್ತಾಪ ಪಡುತ್ತಾರೆ. ನಡಿಗೆ ಆಗದವರಿಗೆ ಬಾರ್ತೊಲೊಮೆ ಪುಟ್ಟ ದ್ವೀಪ ಸಾಕು: ಮರದ ಮೆಟ್ಟಿಲು, 114 ಮೀಟರ್ ಎತ್ತರದ ತುದಿ. ಅಲ್ಲಿನ ಬೂದಿನೆಲ ಹೆಜ್ಜೆಗೆ ಕೊಚ್ಚಿಹೋಗುವಷ್ಟು ಸಡಿಲವಾದ್ದರಿಂದ ಮೆಟ್ಟಿಲು ಬಿಟ್ಟು ಕಾಲಿಡಬಾರದು.

ಪ್ರಾಣಿಗಳಿಂದ ಎರಡು ಮೀಟರ್ ದೂರ ಇರಬೇಕು, ಫ್ಲ್ಯಾಶ್ ಬಳಸಬಾರದು. ಕಡಲಸಿಂಹದ ಮರಿ ತಾನಾಗಿ ಹತ್ತಿರ ಬಂದರೆ ಹಿಂದೆ ಸರಿಯಬೇಕಾದವರು ನೀವೇ. ದಡ ಕಾಯುವ ದೊಡ್ಡ ಗಂಡಿಗೂ ನೀರಿಗೂ ನಡುವೆ ಎಂದೂ ನಿಲ್ಲಬೇಡಿ, ಅದು ಕಚ್ಚುತ್ತದೆ. ಕಡಲ ಇಗ್ವಾನಾ ಎಂಬ ದೊಡ್ಡ ಹಲ್ಲಿಯಂಥ ಪ್ರಾಣಿಗಳ ವಿಷಯದಲ್ಲಿ ಕಣ್ಣಿಗಿಂತ ಕಾಲೇ ಎಚ್ಚರವಾಗಿರಬೇಕು, ಕಪ್ಪು ಲಾವಾದ ಮೇಲೆ ಕಪ್ಪು ಮೈ ಕಾಣುವುದೇ ಇಲ್ಲ. ತಣ್ಣೀರಿನಲ್ಲಿ ಪಾಚಿ ಮೇಯ್ದು ಬಂದು ಒಂದರ ಮೇಲೊಂದು ಒರಗಿ ಬಿಸಿಲು ಕಾಯಿಸುತ್ತಿರುತ್ತವೆ. ಸುಮ್ಮನೆ ಕೂತು ಗಮನಿಸಿದರೆ ಪುಸಕ್ಕನೆ ಮೂಗಿನಿಂದ ನೀರಿನ ಹನಿ ಚಿಮ್ಮುತ್ತದೆ. ನೆಗಡಿಯಲ್ಲ, ನುಂಗಿದ ಉಪ್ಪನ್ನು ಗ್ರಂಥಿಯೊಂದು ಸೋಸಿ ಹೊರಹಾಕುವ ಬಗೆ. ತಲೆಯ ಮೇಲಿನ ಬಿಳಿ ಪದರ ಆ ಉಪ್ಪೇ. ಕಡಲು ಬಿಸಿಯೇರುವ ಎಲ್ ನಿನ್ಯೊ ವರ್ಷಗಳಲ್ಲಿ ಪಾಚಿ ಕಡಿಮೆಯಾದಾಗ ಇವುಗಳ ಮೈ ಬಡಕಲಾಗುವುದಷ್ಟೇ ಅಲ್ಲ, ಉದ್ದವೂ ಕುಗ್ಗುತ್ತದೆ. ಆಹಾರ ಸಿಕ್ಕಾಗ ಮತ್ತೆ ಬೆಳೆಯುತ್ತವೆ. ಇಂಥದ್ದನ್ನು ನೋಡಲು ಹದಿನೈದು ನಿಮಿಷ ಮೌನ ಬೇಕು, ಗುಂಪಿನಲ್ಲಿ ಅದನ್ನು ಗಳಿಸುವುದೇ ಕಷ್ಟದ ಕೆಲಸ.

ಹೊರಡುವ ದಿನ ಬ್ಯಾಗಿನ ಜಿಪ್ಪು ಎಳೆಯುವ ಮೊದಲು ಮಕ್ಕಳ ಜೇಬು, ಬೂಟಿನ ಒಳಗು ಒಮ್ಮೆ ಕೊಡವಿ. ಶಂಖ, ಹವಳದ ಚೂರು, ಲಾವಾ ಹರಳು ಯಾವುದನ್ನೂ ದ್ವೀಪದಿಂದ ಹೊರಗೆ ಒಯ್ಯುವಂತಿಲ್ಲ. ನಿಲ್ದಾಣದ ತಪಾಸಣೆಯಲ್ಲಿ ಅವು ಸಿಕ್ಕರೆ ಸಾಲು ನಿಂತು ಕಾಯುವುದು ಇಡೀ ಗುಂಪು.